ಅಜ್ಜಿಗೆ ಚುಚ್ಚಿದ ಮದ್ದಿನ ಹೆಸರೇನು?

ವರ್ಷಕ್ಕೊಮ್ಮೆ ಕೊಡುವ ಮೂಳೆಯ ಮದ್ದನ್ನು ಮೊದಲ ಬಾರಿ ಹಾಕಿಸಿಕೊಂಡವರ ಮನೆಗಳಲ್ಲಿ ಮರುದಿನದ ಬೆಳಗು ಅನೇಕ ವೇಳೆ ಹೀಗಿರುತ್ತದೆ. ಹಿಂದಿನ ಮಧ್ಯಾಹ್ನ ಹೊಸೂರಿನಲ್ಲೋ ಬೆಂಗಳೂರಿನಲ್ಲೋ ಡ್ರಿಪ್ ಹಾಕಿಸಿಕೊಂಡು, ಸಂಜೆಯ ಬಸ್ಸಿನಲ್ಲಿ ಚೆನ್ನಾಗಿಯೇ ಮಾತನಾಡುತ್ತ ಊರಿಗೆ ಮರಳಿದ ಅಜ್ಜಿ ರಾತ್ರಿ ಎರಡು ಕಂಬಳಿ ಹೊದ್ದರೂ ನಡುಗಿರುತ್ತಾರೆ. ಬೆಳಗಾಗುವ ಹೊತ್ತಿಗೆ ಮೈ ಸುಡುತ್ತಿರುತ್ತದೆ, ಕೀಲುಕೀಲೂ ನೋಯುತ್ತಿರುತ್ತದೆ, ಮುದ್ದೆ ಸೇರುವುದಿಲ್ಲ. ನೋಡಲು ಬಂದ ನೆರೆಯವರು “ಆ ಸೂಜಿ ನಿಮ್ಮ ಮೈಗೆ ಒಗ್ಗಲಿಲ್ಲ, ಇನ್ನು ಹಾಕಿಸಬೇಡಿ” ಎಂದು ತೀರ್ಪು ಕೊಟ್ಟು ಹೋಗುತ್ತಾರೆ. ಅಜ್ಜಿಯೂ ಅದನ್ನೇ ನಿಶ್ಚಯಿಸುತ್ತಾರೆ. ವರ್ಷ ಕಳೆದು ಎರಡನೆಯ ಡ್ರಿಪ್ಪಿನ ದಿನ ಬಂದಾಗ ಮನೆಯಲ್ಲಿ ಯಾರೂ ಆ ಮಾತನ್ನು ಎತ್ತುವುದಿಲ್ಲ.

ಆ ಮದ್ದಿನ ಹೆಸರು ಜೋಲೆಡ್ರೋನಿಕ್ ಆ್ಯಸಿಡ್. ಮುಟ್ಟು ನಿಂತ, ಮೂಳೆ ಟೊಳ್ಳಾದ 7,700ಕ್ಕೂ ಹೆಚ್ಚು ಮಹಿಳೆಯರಲ್ಲಿ ಅರ್ಧದಷ್ಟು ಜನರಿಗೆ ಈ ಮದ್ದನ್ನೂ ಉಳಿದವರಿಗೆ ಮದ್ದಿಲ್ಲದ ದ್ರವವನ್ನೂ ಮೂರು ವರ್ಷ ಕೊಟ್ಟು ನೋಡಿದ ದೊಡ್ಡ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಮದ್ದು ಪಡೆದವರ ಪೈಕಿ ಮೊದಲ ಸಲ ಜ್ವರ, ಮೈಕೈನೋವು, ತಲೆನೋವುಗಳು ಕಾಣಿಸಿಕೊಂಡದ್ದು ನೂರಕ್ಕೆ ಸುಮಾರು 32 ಮಂದಿಗೆ. ಎರಡನೆಯ ವರ್ಷ ಆ ಸಂಖ್ಯೆ ನೂರಕ್ಕೆ ಏಳರ ಆಸುಪಾಸಿಗೆ ಇಳಿಯಿತು. ಮೂರನೆಯ ವರ್ಷ ಮೂರಕ್ಕಿಂತ ಕಡಿಮೆಯಾಯಿತು. ಅಂದರೆ ಆ ರಾತ್ರಿಯ ಚಳಿಜ್ವರ ಬಹುತೇಕ ಮೊದಲ ಸಲಕ್ಕೇ ಮುಗಿಯುವಂಥದು. ಅದೇ ಅಧ್ಯಯನದಲ್ಲಿ ಬೆನ್ನುಮೂಳೆ ಕುಸಿಯುವ ಪ್ರಮಾಣ ಶೇಕಡ 70ರಷ್ಟು, ಸೊಂಟದ ಮೂಳೆ ಮುರಿಯುವ ಪ್ರಮಾಣ ಶೇಕಡ 41ರಷ್ಟು ತಗ್ಗಿತ್ತು. ಮೂರು ದಿನಗಳ ಜ್ವರಕ್ಕೆ ಹೆದರಿ ನೆರೆಯವರ ತೀರ್ಪಿಗೆ ತಲೆಬಾಗುವ ಮನೆಗಳು ಕಳೆದುಕೊಳ್ಳುತ್ತಿರುವುದು ಈ ರಕ್ಷಣೆಯನ್ನು.

ಆದರೆ ಇಲ್ಲೊಂದು ತೊಡಕಿದೆ. ಊರಿನ ಮಾತಿನಲ್ಲಿ ‘ಮೂಳೆ ಸೂಜಿ’ ಎಂದರೆ ಒಂದೇ ಮದ್ದಲ್ಲ. ಈ ಕಾಯಿಲೆಗೆ ಚುಚ್ಚುವ ಮದ್ದುಗಳಲ್ಲಿ ಹೆಚ್ಚು ಬಳಕೆಯಲ್ಲಿರುವವು ಮೂರು: ವರ್ಷಕ್ಕೊಮ್ಮೆ ರಕ್ತನಾಳಕ್ಕೆ ಡ್ರಿಪ್ಪಿನಲ್ಲಿ ಹೋಗುವ ಜೋಲೆಡ್ರೋನಿಕ್ ಆ್ಯಸಿಡ್, ಆರು ತಿಂಗಳಿಗೊಮ್ಮೆ ಚರ್ಮದಡಿಗೆ ಕೊಡುವ ಡೆನೊಸುಮ್ಯಾಬ್, ದಿನವೂ ಪೆನ್ನಿನಂಥ ಸಾಧನದಿಂದ ಮನೆಯಲ್ಲೇ ಚುಚ್ಚಿಕೊಳ್ಳುವ ಟೆರಿಪ್ಯಾರಟೈಡ್. ಮೂರರ ತೊಂದರೆಗಳೂ ಬೇರೆ, ಉಪಾಯಗಳೂ ಬೇರೆ. ಒಂದನ್ನು ತಡವಾಗಿ ಹಾಕಿಸಿದರೆ ಅಷ್ಟೇನೂ ಕೆಡುಕಿಲ್ಲ; ಇನ್ನೊಂದನ್ನು ಎರಡು ತಿಂಗಳು ಮರೆತರೆ ಬೆನ್ನುಮೂಳೆಗೇ ಅಪಾಯ. ಆದ್ದರಿಂದ ಪಕ್ಕದ ಬೀದಿಯ ಅಜ್ಜಿಯ ಅನುಭವ ಈ ಮನೆಯ ಅಜ್ಜಿಗೆ ದಾರಿ ತೋರಿಸಲಾರದು. ಮನೆಯವರು ಮೊದಲು ಕೇಳಿ ಬರೆದಿಟ್ಟುಕೊಳ್ಳಬೇಕಾದುದು ಮದ್ದಿನ ಮೂಲ ಹೆಸರನ್ನು. ಕಂಪನಿಗೊಂದು ಬ್ರ್ಯಾಂಡಿನ ಹೆಸರಿದ್ದರೂ ಮೂಲ ಹೆಸರು ಪೆಟ್ಟಿಗೆಯ ಮೇಲೆ ಅಚ್ಚಾಗಿರುತ್ತದೆ. ಅದನ್ನು ಓದಬಲ್ಲ ಶಾಲೆಯ ಮಕ್ಕಳು ಮನೆಯಲ್ಲಿದ್ದಾರೆ.

ಕಾಯಿಲೆಯ ಹೆಸರಿನಲ್ಲೂ ಇಂಥದೇ ಗೊಂದಲವಿದೆ. ಮಂಡಿಯ ಕೀಲು ಸವೆದು ನೋಯುವುದನ್ನೂ ‘ಮೂಳೆ ಸವೆತ’ ಎನ್ನುತ್ತಾರೆ, ಮೂಳೆಯ ಒಳಗಿನ ಸಾರ ಕರಗಿ ಟೊಳ್ಳಾಗುವುದನ್ನೂ ಹಾಗೆಯೇ ಕರೆಯುತ್ತಾರೆ. ಈ ಸೂಜಿಗಳು ಎರಡನೆಯದಕ್ಕೆ, ಅಂದರೆ ಆಸ್ಟಿಯೋಪೊರೋಸಿಸ್‌ಗೆ. ಅದು ಮುರಿಯುವವರೆಗೆ ನೋಯುವುದೇ ಇಲ್ಲ. ಮಂಡಿನೋವು ಕಡಿಮೆಯಾಗಲಿಲ್ಲವೆಂದು ಸೂಜಿಯನ್ನು ದೂರುವವರು ಮದ್ದಿನಿಂದ ಸಲ್ಲದ ಕೆಲಸವನ್ನು ನಿರೀಕ್ಷಿಸುತ್ತಿದ್ದಾರೆ.

ಮೂಳೆ ಕಲ್ಲಿನಂತೆ ನಿಶ್ಚಲವಾದ ವಸ್ತುವಲ್ಲ. ಹಳೆಯ ಗೋಡೆಯನ್ನು ಕೆಡಹುವ ಕೂಲಿಗಳಂತೆ ಒಂದು ಬಗೆಯ ಜೀವಕೋಶಗಳು ಅದನ್ನು ಸದಾ ಅಗೆಯುತ್ತಿರುತ್ತವೆ. ಗಾರೆಯವರಂತೆ ಇನ್ನೊಂದು ಬಗೆಯವು ಹೊಸದಾಗಿ ಕಟ್ಟುತ್ತಿರುತ್ತವೆ. ಮುಟ್ಟು ನಿಂತ ಮೇಲೆ ಕೆಡಹುವವರ ಕೈ ಮೇಲಾಗುತ್ತದೆ. ಜೋಲೆಡ್ರೋನಿಕ್ ಆ್ಯಸಿಡ್ ಮತ್ತು ಡೆನೊಸುಮ್ಯಾಬ್ ಕೆಡಹುವವರನ್ನು ತಡೆಯುತ್ತವೆ. ಟೆರಿಪ್ಯಾರಟೈಡ್ ಕಟ್ಟುವವರನ್ನು ಎಬ್ಬಿಸುತ್ತದೆ.

ಡ್ರಿಪ್ಪಿನ ಜ್ವರಕ್ಕೆ ಕಾರಣ ಸೋಂಕಲ್ಲ. ಮದ್ದು ರಕ್ತಕ್ಕೆ ಸೇರಿದಾಗ ಬಿಳಿ ರಕ್ತಕಣಗಳಲ್ಲಿ ಒಂದು ವರ್ಗ ಕೆರಳಿ, ಜ್ವರ ಬರಿಸುವ ರಾಸಾಯನಿಕಗಳನ್ನು ಒಮ್ಮೆಲೇ ಹೊರಚೆಲ್ಲುತ್ತದೆ. ಇದು ಸಾಮಾನ್ಯವಾಗಿ ಮೊದಲ ಮೂರು ದಿನಗಳೊಳಗೆ ಕಾಣಿಸಿಕೊಂಡು, ಮತ್ತೆ ಮೂರು ದಿನಗಳಲ್ಲಿ ಇಳಿಯುತ್ತದೆ; ಕೆಲವರಲ್ಲಿ ಮೈಕೈನೋವು ವಾರ ಮೀರಿ ಉಳಿಯುವುದೂ ಉಂಟು. ಡ್ರಿಪ್ ಹಾಕಿಸುವ ದಿನವೂ ಅನಂತರದ ಎರಡು ಮೂರು ದಿನಗಳೂ ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ತೆಗೆದುಕೊಂಡರೆ ಅದರ ಉಪಟಳ ಗಣನೀಯವಾಗಿ ತಗ್ಗುತ್ತದೆ. ಆಸ್ಪತ್ರೆಗೆ ಹೊರಡುವ ಮುನ್ನ ಎರಡು ಲೋಟ ನೀರು ಕುಡಿದಿರಬೇಕು. ಬಸ್ಸಿನ ಪ್ರಯಾಣದಲ್ಲಿ ಮೂತ್ರಕ್ಕೆ ಹೋಗಬೇಕಾದೀತೆಂದು ಬಾಯಾರಿಕೊಂಡೇ ಹೋಗುವ ವಾಡಿಕೆ ನಮ್ಮ ಹಿರಿಯ ಹೆಂಗಸರಲ್ಲಿದೆ, ಅಂದು ಅದು ಸಲ್ಲದು. ಮದ್ದು ಮೂತ್ರಪಿಂಡದ ಮೂಲಕ ಹೊರಹೋಗುವುದರಿಂದ ಮೊದಲೇ ಕ್ರಿಯಾಟಿನಿನ್ ಪರೀಕ್ಷೆ ಆಗಿರಬೇಕು. ಮೂತ್ರಪಿಂಡ ತೀರ ದುರ್ಬಲವಾಗಿರುವವರಿಗೆ ಇದನ್ನು ಕೊಡುವುದಿಲ್ಲ. ಡ್ರಿಪ್ 15 ನಿಮಿಷಕ್ಕಿಂತ ಬೇಗ ಮುಗಿಯಕೂಡದೆಂಬ ನಿಯಮವೂ ಮೂತ್ರಪಿಂಡದ ರಕ್ಷಣೆಗಾಗಿಯೇ ಇದೆ.

ಇಲ್ಲಿ ನಿಜವಾಗಿ ಎಚ್ಚರ ಬೇಕಾದುದು ಔಷಧದ ಅಂಗಡಿಯ ಮುಂದೆ. ಮೈಕೈನೋವೆಂದ ಕೂಡಲೇ ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ಕೈಗೆ ಬರುತ್ತದೆ. ಜ್ವರದಿಂದ ನೀರಿಳಿದ ಮುಪ್ಪಿನ ದೇಹದಲ್ಲಿ, ಈ ಡ್ರಿಪ್ ಹಾಕಿಸಿಕೊಂಡ ವಾರದಲ್ಲೇ, ಅಂಥ ಮಾತ್ರೆ ಮೂತ್ರಪಿಂಡಕ್ಕೆ ಎರಡನೆಯ ಪೆಟ್ಟಾಗಬಹುದು. ಅಲ್ಲದೆ ಮಳೆಗಾಲದ ಜ್ವರ ಡೆಂಗಿಯೂ ಆಗಿರಬಹುದು, ಡೆಂಗಿಯಲ್ಲಂತೂ ಆ ಮಾತ್ರೆಗಳು ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತವೆ. ಡ್ರಿಪ್ ಆಗಿ ನಾಲ್ಕನೆಯ ದಿನವೂ ಜ್ವರ ಬಿಡದಿದ್ದರೆ, ಅಥವಾ ಬಿಟ್ಟು ಮತ್ತೆ ಬಂದರೆ, ಸೂಜಿಯ ಜ್ವರವೆಂದು ಸುಮ್ಮನಿರದೆ ರಕ್ತಪರೀಕ್ಷೆಗೆ ಹೋಗಬೇಕು. ಕಣ್ಣು ಕೆಂಪಾಗಿ ನೋಯುತ್ತ ದೃಷ್ಟಿ ಮಂಜಾದರೆ ಅಂದೇ ಕಣ್ಣಿನ ವೈದ್ಯರನ್ನು ಕಾಣಬೇಕು. ಇದು ಅಪರೂಪ, ಆದರೆ ತಡಮಾಡುವಂಥದಲ್ಲ.

ಡೆನೊಸುಮ್ಯಾಬ್‌ನ ಸ್ವಭಾವ ಇದಕ್ಕೆ ವಿರುದ್ಧ. ಅದು ಬರುವಾಗ ಸದ್ದು ಮಾಡುವುದಿಲ್ಲ. 60 ಮಿಲಿಗ್ರಾಂ ಮದ್ದನ್ನು ತೋಳು, ತೊಡೆ ಅಥವಾ ಹೊಟ್ಟೆಯ ಚರ್ಮದಡಿಗೆ ಕೊಟ್ಟ ಬಳಿಕ ಹಲವರಿಗೆ ಏನೂ ಅನ್ನಿಸುವುದಿಲ್ಲ; ಕೆಲವರಿಗೆ ಬೆನ್ನು, ಕೈಕಾಲು ನೋಯುತ್ತವೆ. ಗಮನಿಸಬೇಕಾದುದು ಅನಂತರದ ಎರಡು ವಾರಗಳನ್ನು. ಮೂಳೆಯಿಂದ ರಕ್ತಕ್ಕೆ ಇಳಿಯುತ್ತಿದ್ದ ಕ್ಯಾಲ್ಸಿಯಂ ಹಠಾತ್ತನೆ ನಿಲ್ಲುವುದರಿಂದ ರಕ್ತದ ಮಟ್ಟ ಕುಸಿಯಬಹುದು. ತುಟಿಯ ಸುತ್ತ, ಬೆರಳ ತುದಿಗಳಲ್ಲಿ ಇರುವೆ ಹರಿದಂತಾಗುವುದು, ಕೈಬೆರಳು ತಾವಾಗಿ ಸೆಟೆದುಕೊಳ್ಳುವುದು, ಮೀನಖಂಡ ಹಿಡಿದುಕೊಳ್ಳುವುದು ಅದರ ಲಕ್ಷಣಗಳು. ಡಿ ಜೀವಸತ್ವ ಮೊದಲೇ ಕಡಿಮೆ ಇದ್ದವರಿಗೂ ಮೂತ್ರಪಿಂಡದ ಕಾಯಿಲೆ ಇರುವವರಿಗೂ ಈ ಅಪಾಯ ಹೆಚ್ಚು. ಮೂತ್ರಪಿಂಡದ ಕಾಯಿಲೆ ಮುಂದುವರಿದವರಲ್ಲಿ, ಮುಖ್ಯವಾಗಿ ಡಯಾಲಿಸಿಸ್ ಮಾಡಿಸಿಕೊಳ್ಳುವವರಲ್ಲಿ, ಕ್ಯಾಲ್ಸಿಯಂ ಪ್ರಾಣಾಂತಿಕವಾಗಿ ಇಳಿಯಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರ ಜನವರಿಯಲ್ಲಿ ತನ್ನ ಅತ್ಯಂತ ಕಟ್ಟುನಿಟ್ಟಿನ ಎಚ್ಚರಿಕೆಯನ್ನು ಈ ಮದ್ದಿನ ಮೇಲೆ ಅಚ್ಚಾಗಿಸಿತು.

ಇದರ ಇನ್ನೊಂದು ಗುಣ ಮನೆಯ ಪ್ರತಿಯೊಬ್ಬರಿಗೂ ತಿಳಿದಿರಬೇಕು. ಜೋಲೆಡ್ರೋನಿಕ್ ಆ್ಯಸಿಡ್ ಮೂಳೆಯಲ್ಲಿ ಸೇರಿಕೊಂಡು ವರ್ಷಗಟ್ಟಲೆ ಉಳಿಯುತ್ತದೆ, ಡೆನೊಸುಮ್ಯಾಬ್ ಹಾಗಲ್ಲ. ಆರು ತಿಂಗಳು ಕಳೆದಂತೆ ಅದರ ಹಿಡಿತ ಸಡಿಲಿ, ತಡೆದು ನಿಲ್ಲಿಸಿದ್ದ ಕೆಡಹುವ ಕೋಶಗಳು ಒಟ್ಟಾಗಿ ಕೆಲಸಕ್ಕಿಳಿಯುತ್ತವೆ. ಆಗ ಬೆನ್ನುಮೂಳೆಯ ಹಲವು ಗೆಣ್ಣುಗಳು ಒಂದರ ಹಿಂದೊಂದು ಕುಸಿದ ನಿದರ್ಶನಗಳಿವೆ. ಮುಂದಿನ ಸೂಜಿ ಒಂದು ತಿಂಗಳಿಗಿಂತ ಹೆಚ್ಚು ತಡವಾಗಕೂಡದು. ನಿಲ್ಲಿಸಲೇಬೇಕಾದರೆ ಅದರ ಜಾಗಕ್ಕೆ ಬೇರೆ ಮದ್ದನ್ನು ವೈದ್ಯರೇ ಗೊತ್ತುಮಾಡಬೇಕು. ಸುಗ್ಗಿ ಮುಗಿಯಲಿ, ಹೂವಿನ ದುಡ್ಡು ಬರಲಿ, ಮಗಳ ಮದುವೆ ಕಳೆಯಲಿ ಎಂದು ಮುಂದೂಡಲು ಎಡೆಯಿಲ್ಲದ ಸೂಜಿ ಇದು. ಹಣದ ಅನುಕೂಲ ಖಚಿತವಿಲ್ಲದ ಮನೆಯವರು ಆ ಸಂಗತಿಯನ್ನು ಮೊದಲ ಸೂಜಿಗೆ ಮುನ್ನವೇ ವೈದ್ಯರಿಗೆ ಸಂಕೋಚವಿಲ್ಲದೆ ಹೇಳಿಕೊಳ್ಳುವುದು ಲೇಸು. ಬೇರೆ ದಾರಿಗಳು ಆಗ ಮಾತ್ರ ತೆರೆದಿರುತ್ತವೆ.

ಮೂರನೆಯದಾದ ಟೆರಿಪ್ಯಾರಟೈಡ್ ಮನೆಯವರಿಂದ ಹೆಚ್ಚು ದುಡಿಮೆಯನ್ನು ಕೇಳುತ್ತದೆ. ನಮ್ಮ ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳ ಹಾರ್ಮೋನು 84 ಕೊಂಡಿಗಳ ಸರಪಳಿ. ಅದರ ಮೊದಲ 34 ಕೊಂಡಿಗಳನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದರೆ ಈ ಮದ್ದು. ವಿಚಿತ್ರವೆಂದರೆ, ಆ ಹಾರ್ಮೋನು ರಕ್ತದಲ್ಲಿ ಸದಾ ಹೆಚ್ಚಾಗಿದ್ದರೆ ಮೂಳೆ ಕರಗುತ್ತದೆ. ದಿನಕ್ಕೊಮ್ಮೆ ಸ್ವಲ್ಪ ಹೊತ್ತು ಏರಿ ಇಳಿದರೆ ಮೂಳೆ ಬೆಳೆಯುತ್ತದೆ. ದಿನಕ್ಕೆ 20 ಮೈಕ್ರೋಗ್ರಾಂ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ ಎಂಬ ನಿಯಮದ ಗುಟ್ಟು ಇದೇ. ಒಂದು ದಿನ ಹೊತ್ತು ತಪ್ಪಿದರೆ ಅದೇ ದಿನ ನೆನಪಾದಾಗ ಚುಚ್ಚಿಕೊಳ್ಳಬಹುದು. ಬಿಟ್ಟುಹೋದದ್ದನ್ನು ಮರುದಿನ ಸೇರಿಸಿ ಎರಡು ಸಲ ಚುಚ್ಚಿಕೊಳ್ಳಕೂಡದು.

ಮೊದಲ ಕೆಲವು ದಿನ ಈ ಮದ್ದು ಕೊಡುವ ಕಾಟ ತಲೆಸುತ್ತು. ಚುಚ್ಚಿಕೊಂಡ ನಾಲ್ಕು ಗಂಟೆಗಳೊಳಗೆ, ಕುಳಿತವರು ಎದ್ದು ನಿಂತಾಗ, ರಕ್ತದೊತ್ತಡ ಇಳಿದು ಕಣ್ಣು ಕತ್ತಲೆಗಟ್ಟಬಹುದು. ಬಿದ್ದು ಮೂಳೆ ಮುರಿಯಬಾರದೆಂದು ಕೊಡುವ ಮದ್ದೇ ಬೀಳಿಸುವಂತಾದರೆ ಅದಕ್ಕಿಂತ ದೊಡ್ಡ ವಿಪರ್ಯಾಸವಿಲ್ಲ. ಆದುದರಿಂದ ಮೊದಲ ಸೂಜಿಗಳನ್ನು ಹಾಸಿಗೆಯ ಮೇಲೆ ಕುಳಿತೋ ಮಲಗಿಯೋ ಹಾಕಿಸಿಕೊಳ್ಳಬೇಕು. ತಲೆಸುತ್ತು, ವಾಕರಿಕೆ ಇರುವವರು ವೈದ್ಯರನ್ನು ಕೇಳಿ ಚುಚ್ಚುವ ಹೊತ್ತನ್ನು ಮಲಗುವ ಸಮಯಕ್ಕೆ ಬದಲಿಸಿಕೊಳ್ಳಬಹುದು. ಆದರೆ ರಾತ್ರಿ ಬಚ್ಚಲಿಗೆ ಏಳುವಾಗ ಒಂದು ನಿಮಿಷ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತೇ ಏಳಬೇಕು. ಬಚ್ಚಲು ಅಂಗಳದಾಚೆ ಇರುವ ಹಳ್ಳಿಯ ಮನೆಗಳಲ್ಲಿ ದೀಪವೂ ಜೊತೆಗೊಬ್ಬರೂ ಇರುವುದು ಒಳ್ಳೆಯದು. ರಕ್ತದೊತ್ತಡದ ಮಾತ್ರೆ ನುಂಗುವವರು ಅದನ್ನು ಮೊದಲೇ ವೈದ್ಯರಿಗೆ ತಿಳಿಸಬೇಕು. ಮನೆಬಾಗಿಲಿಗೆ ಬರುವ ‘ಮಕ್ಕಳೈತ್ತೇಡಿ ಮರುತ್ತುವಂ’ ಯೋಜನೆಯ ಕಾರ್ಯಕರ್ತೆಯರು ಇಂಥ ಹೊತ್ತಿನಲ್ಲಿ ನೆರವಾಗಬಲ್ಲರು. 2021ರ ಆಗಸ್ಟ್ 5ರಂದು ಆ ಯೋಜನೆ ಆರಂಭಗೊಂಡದ್ದೇ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ. ಸೂಜಿ ಆರಂಭವಾಗಿರುವ ಸಂಗತಿಯನ್ನು ಅವರಿಗೆ ಹೇಳಿ ರಕ್ತದೊತ್ತಡ ನೋಡಿಸಿಕೊಳ್ಳಬಹುದು.

ಕಾಲಿನ ಸೆಳೆತ, ತಲೆನೋವು, ಚುಚ್ಚಿದ ಜಾಗದಲ್ಲಿ ಕೆಂಪು ಮತ್ತು ತುರಿಕೆ ಕೆಲವರಿಗೆ ಕಾಣುತ್ತವೆ. ದಿನವೂ ಜಾಗ ಬದಲಿಸಿ, ಇಂದು ಎಡತೊಡೆ ನಾಳೆ ಬಲತೊಡೆ ಎಂಬಂತೆ ಚುಚ್ಚಿದರೆ ತುರಿಕೆ ತಗ್ಗುತ್ತದೆ. ಬಿಡದ ವಾಕರಿಕೆ, ವಾಂತಿ, ಮಲಬದ್ಧತೆ, ಅತಿಯಾದ ಸುಸ್ತು ಒಟ್ಟಾಗಿ ಬಂದರೆ ರಕ್ತದ ಕ್ಯಾಲ್ಸಿಯಂ ಏರಿರಬಹುದು. ಡೆನೊಸುಮ್ಯಾಬ್‌ನಲ್ಲಿ ಇಳಿಯುವ ಅದೇ ಕ್ಯಾಲ್ಸಿಯಂ ಇಲ್ಲಿ ಏರುತ್ತದೆ. ಕಾಲು ಸೆಳೆಯಿತೆಂದು ಯಾರೋ ಹೇಳಿದ ಕ್ಯಾಲ್ಸಿಯಂ ಮಾತ್ರೆಯನ್ನು ಎರಡು ಮೂರು ಹೆಚ್ಚಾಗಿ ನುಂಗುವುದು ಡೆನೊಸುಮ್ಯಾಬ್‌ನವರಿಗೂ ಪರಿಹಾರವಲ್ಲ, ಟೆರಿಪ್ಯಾರಟೈಡ್‌ನವರಿಗಂತೂ ಅಪಾಯ.

ಪೆನ್ನನ್ನು ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಮಂಜುಗಡ್ಡೆ ಕಟ್ಟುವ ಅರೆಯಲ್ಲಿ ಇಡಕೂಡದು, ಹೆಪ್ಪುಗಟ್ಟಿದ ಮದ್ದನ್ನು ಎಸೆಯಬೇಕಾಗುತ್ತದೆ. ಬೆಂಗಳೂರಿನಿಂದ ತರುವಾಗ ಐಸಿನ ಚೀಲ ಮದ್ದಿಗೆ ನೇರವಾಗಿ ತಾಗದಂತೆ ಬಟ್ಟೆ ಸುತ್ತಬೇಕು. ಪ್ರತಿ ಸಲವೂ ಹೊಸ ಸೂಜಿ. ತೆರೆದ 28 ದಿನಗಳ ಬಳಿಕ ಪೆನ್ನಿನಲ್ಲಿ ಮದ್ದು ಉಳಿದಿದ್ದರೂ ಬಳಸುವಂತಿಲ್ಲ. ತಿಂಗಳಿಗೆ ಸಾವಿರಾರು ರೂಪಾಯಿ ತೆತ್ತವರಿಗೆ ಇದು ಸಂಕಟದ ಮಾತು, ಆದರೂ ನಿಯಮ ನಿಯಮವೇ.

ಈ ಮದ್ದಿನಿಂದ ಕ್ಯಾನ್ಸರ್ ಬರುತ್ತದೆಂಬ ಸುದ್ದಿಗೂ ಒಂದು ಹಿನ್ನೆಲೆಯಿದೆ. ದೊಡ್ಡ ಪ್ರಮಾಣದಲ್ಲಿ ಬಹುಕಾಲ ಕೊಟ್ಟಾಗ ಇಲಿಗಳಲ್ಲಿ ಮೂಳೆಯ ಕ್ಯಾನ್ಸರ್ ಕಂಡಿತ್ತು. 2002ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಾಗ ಪೆಟ್ಟಿಗೆಯ ಮೇಲೆ ಆ ಎಚ್ಚರಿಕೆ ಇತ್ತು. ಮನುಷ್ಯರಲ್ಲಿ ಹಾಗೆ ಹೆಚ್ಚಾದುದು ವರ್ಷಗಳ ನಿಗಾವಣೆಯಲ್ಲೂ ಕಾಣದ ಕಾರಣ 2020ರಲ್ಲಿ ಅದನ್ನು ತೆಗೆದುಹಾಕಿದರು. ಹಿಂದೆ ಮೂಳೆಯ ಕ್ಯಾನ್ಸರ್ ಆಗಿದ್ದವರಿಗೆ, ಮೂಳೆಗೆ ವಿಕಿರಣ ಚಿಕಿತ್ಸೆ ಪಡೆದವರಿಗೆ ಮಾತ್ರ ಇಂದಿಗೂ ಇದನ್ನು ಕೊಡುವುದಿಲ್ಲ. ಸಾಮಾನ್ಯವಾಗಿ ಎರಡು ವರ್ಷಕ್ಕೆ ಮುಗಿಯುವ ಈ ಚಿಕಿತ್ಸೆಯ ಬೆನ್ನಿಗೇ ಮೂಳೆ ಕರಗದಂತೆ ತಡೆಯುವ ಮದ್ದು ಬರಬೇಕು. ಇಲ್ಲವಾದರೆ ಗಳಿಸಿದ್ದು ಕರಗುತ್ತದೆ.

ಮದ್ದಿನ ಮಾತಿನ ನಡುವೆ ನೀರಿನ ಮಾತು ತರಬೇಕಾಗಿರುವುದು ಈ ಸೀಮೆಯ ಪಾಡು. ಕೃಷ್ಣಗಿರಿ, ಧರ್ಮಪುರಿ ಜಿಲ್ಲೆಗಳ ಅನೇಕ ಊರುಗಳಲ್ಲಿ ಕೊಳವೆಬಾವಿಯ ನೀರಿನ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಎಂಬ ಮೇಲ್ಮಿತಿಯನ್ನು ಮೀರಿದೆ. ಜಪಾನಿನ ನೆರವಿನಿಂದ ಕಟ್ಟಿ 2013ರಲ್ಲಿ ಚಾಲನೆಗೊಂಡ ಹೊಗೇನಕಲ್ ಕುಡಿಯುವ ನೀರಿನ ಯೋಜನೆಯ ಹೆಸರಿನಲ್ಲೇ ಫ್ಲೋರೋಸಿಸ್ ನಿವಾರಣೆ ಎಂಬ ಮಾತು ಸೇರಿದೆ. ಆದರೆ ಇಂದು ಅರವತ್ತು ಎಪ್ಪತ್ತು ದಾಟಿದವರಲ್ಲಿ ಅನೇಕರು ಅದಕ್ಕೂ ಮುನ್ನ ದಶಕಗಳ ಕಾಲ ಕೊಳವೆಬಾವಿಯ ನೀರನ್ನೇ ಕುಡಿದವರು. ಫ್ಲೋರೈಡ್ ತುಂಬಿದ ಮೂಳೆ ಡೆಕ್ಸಾ ಯಂತ್ರದ ಕಣ್ಣಿಗೆ ದಟ್ಟವಾಗಿ ಕಾಣುತ್ತದೆ, ಆದರೆ ಗಟ್ಟಿಯಾಗಿರುವುದಿಲ್ಲ. ಒಂದು ಕಾಲದಲ್ಲಿ ಫ್ಲೋರೈಡನ್ನೇ ಮೂಳೆಯ ಮದ್ದಾಗಿ ಪ್ರಯೋಗಿಸಿದ್ದರು. ಅಮೆರಿಕದಲ್ಲಿ 202 ಮಹಿಳೆಯರ ಮೇಲೆ ನಾಲ್ಕು ವರ್ಷ ನಡೆದು 1990ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಫ್ಲೋರೈಡ್ ಪಡೆದವರ ಬೆನ್ನುಮೂಳೆಯ ಸಾಂದ್ರತೆ ಶೇಕಡ 35ರಷ್ಟು ಏರಿತು. ಬೆನ್ನುಮೂಳೆಯ ಮುರಿತಗಳು ಮಾತ್ರ ಗಮನಾರ್ಹವಾಗಿ ಇಳಿಯಲಿಲ್ಲ, ಕೈಕಾಲು ಮೊದಲಾದ ಬೇರೆ ಮೂಳೆಗಳ ಮುರಿತಗಳು ಹೆಚ್ಚಾದವು. ಹಾಗಾಗಿ ಬೆನ್ನು, ಕುತ್ತಿಗೆ ಬಗ್ಗದಷ್ಟು ಬಿಗಿದಿರುವ, ಚಿಕ್ಕಂದಿನಿಂದಲೂ ಹಲ್ಲಿನಲ್ಲಿ ಕಂದುಗೆರೆಗಳಿರುವ ಹಿರಿಯರು ತಾವು ಕುಡಿದ ನೀರಿನ ಚರಿತ್ರೆಯನ್ನು ಸೂಜಿಗೆ ಮುನ್ನವೇ ವೈದ್ಯರಿಗೆ ಹೇಳಬೇಕು. ಬೆಂಗಳೂರಿನ ವೈದ್ಯರಿಗೆ ಅದು ತಾನಾಗಿ ತೋಚಲಿಕ್ಕಿಲ್ಲ.

ಮೂರೂ ಮದ್ದುಗಳಿಗೆ ಕ್ಯಾಲ್ಸಿಯಂ ಮತ್ತು ಡಿ ಜೀವಸತ್ವದ ಆಸರೆ ಬೇಕು. ಮುಟ್ಟು ನಿಂತ ಮಹಿಳೆಯರಿಗೆ ದಿನಕ್ಕೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಶಿಫಾರಸು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಅಷ್ಟೂ ಮೈಗೆ ಹತ್ತುವುದಿಲ್ಲ, ಮೊಳಕೆ ಬರಿಸಿದರೆ ಹೆಚ್ಚು ಹತ್ತುತ್ತದೆ. ರಾಗಿಯ ಈ ನಾಡಿನಲ್ಲಿ ಮುದ್ದೆಯನ್ನು ಬಿಟ್ಟು ಅನ್ನಕ್ಕೆ ತಿರುಗಿದ ಮನೆಗಳಿಗೆ ಇದೊಂದು ನೆನಪು. ಡಿ ಜೀವಸತ್ವದ 60,000 ಯೂನಿಟ್‌ಗಳ ಪೊಟ್ಟಣದ ವಿಷಯದಲ್ಲಿ ಮಾತ್ರ ಬಹಳ ಎಚ್ಚರ ಬೇಕು. ‘ವಾರಕ್ಕೊಂದು’ ಎಂದು ಬರೆದದ್ದನ್ನು ಓದಲಾಗದೆ ದಿನಕ್ಕೊಂದರಂತೆ ಕುಡಿದು, ರಕ್ತದ ಕ್ಯಾಲ್ಸಿಯಂ ಮಿತಿಮೀರಿ ಆಸ್ಪತ್ರೆ ಸೇರಿದವರುಂಟು.

ಓದಲಾಗದ ಈ ತೊಂದರೆ ಗಡಿನಾಡಿನಲ್ಲಿ ಇಮ್ಮಡಿಯಾದುದು. ಚೀಟಿ ಇಂಗ್ಲಿಷಿನಲ್ಲಿ, ದಾದಿಯ ಮಾತು ತಮಿಳಿನಲ್ಲಿ, ಅಜ್ಜಿಯ ನೋವು ಕನ್ನಡದಲ್ಲಿ. “ಜೋಮು ಹಿಡಿದಿದೆ” ಎಂದು ಅಜ್ಜಿ ಹೇಳಿದ್ದು ಡೆನೊಸುಮ್ಯಾಬ್ ಹಾಕಿಸಿದ ಹತ್ತನೆಯ ದಿನವಾಗಿದ್ದರೆ ಅದು ಮುಖ್ಯವಾದ ಸೂಚನೆ. ತಮಿಳಿನಲ್ಲಿ ಅದನ್ನು “ಮರತ್ತುಪ್ಪೋಚು” ಎಂದು ಹೇಳಬಲ್ಲ ಮೊಮ್ಮಗಳು ಪಕ್ಕದಲ್ಲಿದ್ದರೆ ಕೆಲಸ ಸುಗಮ. ತಮಿಳಿನ “ಮಯಕ್ಕಂ” ತಲೆಸುತ್ತಿಗೂ ಸಲ್ಲುತ್ತದೆ, ಎಚ್ಚರ ತಪ್ಪುವುದಕ್ಕೂ ಸಲ್ಲುತ್ತದೆ. ಟೆರಿಪ್ಯಾರಟೈಡ್‌ನ ಮೊದಲ ವಾರದಲ್ಲಿ ಈ ಎರಡರ ನಡುವಿನ ಅಂತರ ಬಹಳ ದೊಡ್ಡದು. ಬಿದ್ದರೇ ಇಲ್ಲವೇ, ಎಷ್ಟು ಹೊತ್ತು, ಎದ್ದಾಗಲೋ ಕುಳಿತಾಗಲೋ ಎಂಬುದನ್ನು ಬಿಡಿಸಿ ಹೇಳಬೇಕು. ಕನ್ನಡ ಮಾಧ್ಯಮದಲ್ಲಿ ಓದುತ್ತ ತಮಿಳನ್ನೂ ಇಂಗ್ಲಿಷನ್ನೂ ಕಲಿಯುವ ಮಕ್ಕಳಿಗೆ ಇದು ಅಸಾಧ್ಯವಾದ ಕೆಲಸವಲ್ಲ. ಆದರೆ ಸೂಜಿ ಮುಟ್ಟುವುದು ಮಕ್ಕಳ ಕೆಲಸವಲ್ಲ. ಬಳಸಿದ ಸೂಜಿಗಳನ್ನು ಗಟ್ಟಿಯಾದ ಮುಚ್ಚಳದ ಡಬ್ಬಿಯಲ್ಲಿ ಹಾಕಿ ಆಸ್ಪತ್ರೆಗೆ ಹಿಂದಿರುಗಿಸುವುದು ದೊಡ್ಡವರ ಹೊಣೆ. ತಿಪ್ಪೆಗೆ ಎಸೆದರೆ ಬರಿಗಾಲಿನಲ್ಲಿ ಗೊಬ್ಬರ ತುಂಬುವವರ ಕಾಲಿಗೆ ಚುಚ್ಚುತ್ತದೆ.

ಮುಖ, ತುಟಿ ಊದಿ ಉಸಿರು ಕಟ್ಟುವುದು, ಎದೆನೋವು, ಎಚ್ಚರ ತಪ್ಪುವುದು, ಸೆಳವು ಬರುವುದು ಕಂಡರೆ ಯಾವ ಮದ್ದಾದರೂ 108ಕ್ಕೆ ಕರೆ ಮಾಡಬೇಕು. ಮೂತ್ರ ತೀರ ಕಡಿಮೆಯಾದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಹಲ್ಲು ಕೀಳಿಸುವುದಿದ್ದರೆ ಮೊದಲ ಸೂಜಿಗೆ ಮುನ್ನವೇ ಆಗಿರಲಿ. ಜೋಲೆಡ್ರೋನಿಕ್ ಆ್ಯಸಿಡ್ ಮತ್ತು ಡೆನೊಸುಮ್ಯಾಬ್ ಪಡೆಯುವವರಲ್ಲಿ ಹಲ್ಲು ಕಿತ್ತ ಗಾಯ ಮಾಯದೆ ದವಡೆಯ ಮೂಳೆ ಕೆಡುವ ಅಪರೂಪದ ತೊಂದರೆಯಿದೆ. ವರ್ಷಗಳ ಬಳಿಕ ತೊಡೆಯಲ್ಲಿ ಬಿಡದ ನೋವು ಬಂದರೂ ಅದನ್ನು ಹೇಳಿಕೊಳ್ಳಬೇಕು.

ಉಳಿದದ್ದೆಲ್ಲ ಒಂದು ಹಳೆಯ ನೋಟುಪುಸ್ತಕದ ಪುಟದಲ್ಲಿ ಹಿಡಿಸುತ್ತದೆ. ಮದ್ದಿನ ಹೆಸರು ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಹಾಕಿಸಿದ ದಿನಾಂಕ, ಹೊತ್ತು. ಯಾವ ದಿನ ಏನಾಯಿತು, ಎಷ್ಟು ಹೊತ್ತು ಇತ್ತು, ಯಾವ ಮಾತ್ರೆ ನುಂಗಿದರು. ಡೆನೊಸುಮ್ಯಾಬ್ ಆದರೆ ಮುಂದಿನ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲೂ ಗುರುತಿಸಬೇಕು. ಆಗಸ್ಟಿನಲ್ಲಿ ಹಾಕಿಸಿದ್ದು ಫೆಬ್ರವರಿಗೆ ಬರುತ್ತದೆ. ಅಷ್ಟರಲ್ಲಿ ಗೋಡೆಯ ಕ್ಯಾಲೆಂಡರ್ ಬದಲಾಗಿರುತ್ತದೆ, ಗುರುತನ್ನು ಹೊಸದಕ್ಕೆ ದಾಟಿಸಲು ಮರೆಯಬಾರದು.